ಸುಳ್ಳು ಅಧಿಕಾರಿಯೂ ನಮ್ಮ ನಿಜವಾದ ಭಯವೂ

ಕಳ್ಳನು ಕನ್ನ ಕೊರೆದು ಮನೆಯೊಳಗೆ ಬರುತ್ತಿದ್ದ ಕಾಲವೊಂದಿತ್ತು. ಅವನಿಗೆ ಕತ್ತಲೆ ಬೇಕಾಗಿತ್ತು, ಮನೆಯವರು ನಿದ್ರೆಹೋಗಿರಬೇಕಾಗಿತ್ತು, ನಾಯಿ ಬೊಗಳಬಾರದಾಗಿತ್ತು. ಇಂದಿನ ಕಳ್ಳನಿಗೆ ಇವೊಂದೂ ಬೇಡ. ಹಾಡುಹಗಲಿನಲ್ಲಿ, ಯಜಮಾನನು ಎಚ್ಚತ್ತು ಜಗಲಿಯ ಮೇಲೆ ಕುಳಿತಿರುವಾಗಲೇ, ಆತನು ಮೊಬೈಲಿನ ಮೂಲಕ ಒಳಗೆ ಬರುತ್ತಾನೆ. ಪೆಟ್ಟಿಗೆಯ ಬೀಗವನ್ನು ತಾನು ಮುರಿಯುವದಿಲ್ಲ. ಯಜಮಾನನ ಕೈಯಿಂದಲೇ ತೆಗೆಯಿಸುತ್ತಾನೆ. ಹಣವನ್ನು ಕೊಟ್ಟವನು ಕೊಡುವಾಗ ತಾನು ಕಾಯದೆಗೆ ತಲೆಬಾಗುತ್ತಿದ್ದೇನೆಂದೋ, ಸರಕಾರಕ್ಕೆ ಸಹಾಯಮಾಡುತ್ತಿದ್ದೇನೆಂದೋ ತಿಳಿದಿರುತ್ತಾನೆ. ಈ ಕಳವಿನ ವಿಶೇಷವೂ ಇದೇ, ವಿಷವೂ ಇದೇ.

ಇದು ದಿಲ್ಲಿ ಮುಂಬಯಿಗಳ ಕಥೆ, ಘಟ್ಟದ ಮೇಲೆ ಅಡಿಕೆತೋಟಗಳ ನಡುವೆ ಇರುವ ನಮಗೆ ಇದರ ಗೊಡವೆ ಏತಕ್ಕೆ ಎಂದು ಕೇಳುವ ಸದ್ಗೃಹಸ್ಥರು ಇನ್ನೂ ಇದ್ದಾರೆ. ಅವರು ಒಂದು ಲೆಕ್ಕವನ್ನು ನೋಡಬೇಕು. ಇಂಥ ವಂಚನೆಗಳಿಂದ ದೇಶದ ಜನರು ಕಳೆದುಕೊಂಡ ಹಣವು ೨೦೨೩ರಲ್ಲಿ ಸುಮಾರು ೭,೪೬೫ ಕೋಟಿ ರೂಪಾಯಿಯೆಂದೂ, ೨೦೨೪ರಲ್ಲಿ ಸುಮಾರು ೨೨,೮೪೫ ಕೋಟಿ ರೂಪಾಯಿಯೆಂದೂ ಕೇಂದ್ರ ಸರಕಾರವೇ ಲೋಕಸಭೆಗೆ ತಿಳಿಸಿದೆ. ಒಂದೇ ವರ್ಷದಲ್ಲಿ ಮೂರು ಪಟ್ಟು! ಇಷ್ಟು ದೊಡ್ಡ ಹೊಳೆಯು ನಮ್ಮ ಅಂಗಳವನ್ನು ಮಾತ್ರ ಬಿಟ್ಟು ಹರಿಯುವದೆಂದು ನಂಬಲಿಕ್ಕೆ ಕಾರಣವಿಲ್ಲ.

ನಮ್ಮ ಸೀಮೆಯೇಕೆ ಸುಲಭದ ಗುರಿ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ಸ್ಥಿತಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯ ಬೆಳೆಗಾರನ ಹಣವು ತಿಂಗಳ ಸಂಬಳದಂತೆ ಬರುವದಿಲ್ಲ. ಚಾಲಿ, ರಾಶಿ, ಕೆಂಪುಗೋಟುಗಳು ಟೆಂಡರಿನಲ್ಲಿ ಮಾರಾಟವಾದಾಗ, ಕಾಳುಮೆಣಸಿಗೆ ದರ ಬಂದಾಗ, ಒಂದೇ ಬಾರಿಗೆ ದೊಡ್ಡ ಮೊತ್ತವು ಖಾತೆಗೆ ಬೀಳುತ್ತದೆ. ಅದರಲ್ಲಿ ಮುಂದಿನ ವರ್ಷದ ಆಳಿನ ಕೂಲಿಯಿದೆ, ಮದ್ದು ಹೊಡೆಯುವ ಖರ್ಚಿದೆ, ಮಗಳ ಮದುವೆಯಿದೆ, ಸೊಸೈಟಿಯ ಸಾಲದ ಕಂತಿದೆ. ಆ ಒಂದು ಮೊತ್ತವು ಹೋಯಿತೆಂದರೆ ಹೋದದ್ದು ಒಂದು ತಿಂಗಳ ಸಂಪಾದನೆಯಲ್ಲ, ಒಂದು ವರ್ಷದ ಬಾಳುವೆ.

ಎರಡನೆಯದಾಗಿ, ಮಕ್ಕಳು ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ನೌಕರಿಯಲ್ಲಿರುತ್ತಾರೆ. ದೊಡ್ಡ ಮನೆಯಲ್ಲಿ ಇಬ್ಬರೇ ವೃದ್ಧರು. ನೆರೆಮನೆಗೆ ಹೋಗಬೇಕಾದರೆ ತೋಟವಿಳಿದು ಹಳ್ಳ ದಾಟಬೇಕು. ಕರೆ ಬಂದಾಗ ‘ಇದು ಖರೆಯೋ ಸುಳ್ಳೋ?’ ಎಂದು ಕೇಳಲಿಕ್ಕೆ ಮಗ್ಗುಲಲ್ಲಿ ಒಬ್ಬರೂ ಇರುವದಿಲ್ಲ. ಮೂರನೆಯದಾಗಿ, ಅನೇಕ ಊರುಗಳಲ್ಲಿ ಮೊಬೈಲಿನ ಸಿಗ್ನಲ್ಲು ಗುಡ್ಡದ ತುದಿಯಲ್ಲಿ ಮಾತ್ರ ಸಿಗುತ್ತದೆ. ಪೇಟೆಗೆ ಹೋದಾಗಲೇ ಎಲ್ಲ ಕೆಲಸ ಮುಗಿಸುವ ಅವಸರದಲ್ಲಿ ನಮ್ಮ ಹಿರಿಯರು ಮೊಬೈಲನ್ನೇ ಪರಿಚಯವಿಲ್ಲದ ಹುಡುಗನ ಕೈಗೆ ಕೊಟ್ಟು, ಪಿನ್ನನ್ನು ಗಟ್ಟಿಯಾಗಿ ಹೇಳಿ, ‘ಸ್ವಲ್ಪ ಮಾಡಿಕೊಡು ತಮ್ಮಾ’ ಎನ್ನುತ್ತಾರೆ. ಆ ಹುಡುಗನು ಪ್ರಾಮಾಣಿಕನಿರಬಹುದು. ಹಿಂದೆ ನಿಂತು ಕೇಳಿದವನು?

ಅಡಿಕೆಯ ವಿಷಯದಲ್ಲಿ ನಮ್ಮ ಬೆಳೆಗಾರನನ್ನು ಮೋಸಗೊಳಿಸುವದು ಸುಲಭವಲ್ಲ. ರಾಶಿಯ ಮೇಲೆ ಒಮ್ಮೆ ಕಣ್ಣಾಡಿಸಿ, ನಾಲ್ಕು ಕಾಯಿಗಳನ್ನು ಅಂಗೈಯಲ್ಲಿ ಹೊರಳಿಸಿ, ಇದರಲ್ಲಿ ಕೋಕ ಎಷ್ಟು ಬೆರೆತಿದೆಯೆಂದು ಅವನು ಹೇಳಬಲ್ಲನು. ಆ ಕಣ್ಣು ತಲೆಮಾರುಗಳ ಅಭ್ಯಾಸದಿಂದ ಬಂದದ್ದು. ಮೊಬೈಲಿನಲ್ಲಿ ಬರುವ ಮಾತನ್ನು ಹಾಗೆ ಹೊರಳಿಸಿ ನೋಡುವ ಅಭ್ಯಾಸವು ನಮಗಿನ್ನೂ ಬಂದಿಲ್ಲ. ಅದನ್ನು ಕಲಿಯಬೇಕು, ಕಲಿಸಬೇಕು. ಈ ಲೇಖನದ ಉದ್ದೇಶವೂ ಅಷ್ಟೇ.

ವಂಚನೆಯ ಬಗೆಗಳು

ಬಗೆಗಳು ಹಲವು. ಎಲ್ಲವನ್ನೂ ಎಣಿಸುವದು ಅಶಕ್ಯ, ಮುಖ್ಯವಾದವನ್ನು ಹೇಳುತ್ತೇವೆ.

ಮೊದಲನೆಯದು ಬ್ಯಾಂಕಿನವನ ವೇಷ. ‘ನಿಮ್ಮ ಖಾತೆಯ ಕೆ.ವೈ.ಸಿ. ಮುಗಿದಿದೆ, ಸಂಜೆಯೊಳಗೆ ಖಾತೆ ಬಂದಾಗುವದು, ಈಗ ಬಂದ ಓಟಿಪಿ ಹೇಳಿರಿ’ ಎಂಬುದು ಅದರ ಹಳೆಯ ರೂಪ. ಈಚೆಗೆ ಓಟಿಪಿಯನ್ನು ಕೇಳುವ ತೊಂದರೆಯನ್ನೂ ಅವರು ತೆಗೆದುಕೊಳ್ಳುವದಿಲ್ಲ. ಕಿಸಾನ ಸಮ್ಮಾನದ ಹೆಸರಿನಲ್ಲಿ, ವಾಹನದ ದಂಡದ ಚಲನಿನ ಹೆಸರಿನಲ್ಲಿ, ಮದುವೆಯ ಮಂಗಲಪತ್ರದ ರೂಪದಲ್ಲಿ ವಾಟ್ಸಪ್ಪಿಗೆ ಒಂದು ಕಡತವು ಬರುತ್ತದೆ. ಅದರ ಹೆಸರಿನ ಕೊನೆಗೆ ‘ಎಪಿಕೆ’ ಎಂಬ ಮೂರು ಅಕ್ಷರಗಳಿರುತ್ತವೆ. ಅದನ್ನು ತೆರೆದು, ಅದು ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟರೆ ಮೊಬೈಲಿನೊಳಗೆ ಒಬ್ಬ ಗುಪ್ತಚರನನ್ನು ಕೂಡ್ರಿಸಿಕೊಂಡಂತೆ. ನಮಗೆ ಬರುವ ಓಟಿಪಿಯನ್ನು ನಮಗಿಂತ ಮೊದಲು ಅವನು ಓದುತ್ತಾನೆ. ಮಂಗಲಪತ್ರವು ಚಿತ್ರವಾಗಿ ಬರಬಹುದು. ಎಪಿಕೆಯಾಗಿ ಬರಲಿಕ್ಕೆ ಅದಕ್ಕೆ ಯಾವ ಕಾರಣವೂ ಇಲ್ಲ.

ಎರಡನೆಯದು ಹಣವನ್ನು ಕೊಡುವ ನೆಪದಲ್ಲಿ ತೆಗೆದುಕೊಳ್ಳುವದು. ಹಳೆಯ ಪೀಠೋಪಕರಣವನ್ನೋ ಬೈಕನ್ನೋ ಮಾರುವೆನೆಂದು ಜಾಹೀರಾತು ಕೊಟ್ಟವನಿಗೆ, ‘ಹಣ ಕಳಿಸಿದ್ದೇನೆ, ಈ ಚೌಕವನ್ನು ಸ್ಕ್ಯಾನು ಮಾಡಿ ಪಿನ್ನು ಹಾಕಿರಿ’ ಎಂಬ ಕರೆ ಬರುತ್ತದೆ. ಇಲ್ಲಿ ಒಂದೇ ಸೂತ್ರವನ್ನು ಲಕ್ಷ್ಯದಲ್ಲಿಟ್ಟರೆ ಸಾಕು: ಯುಪಿಐದಲ್ಲಿ ಪಿನ್ನು ಬೇಕಾಗುವದು ನಮ್ಮ ಹಣವು ಹೊರಗೆ ಹೋಗುವಾಗ, ಒಳಗೆ ಬರುವ ಹಣಕ್ಕೆ ಪಿನ್ನು ಬೇಡ. ಖಾಸಗಿ ವ್ಯಕ್ತಿಗಳು ಒಬ್ಬರಿಂದೊಬ್ಬರು ಹಣವನ್ನು ‘ಕೇಳಿ ಪಡೆಯುವ’ ಸೌಕರ್ಯವನ್ನು ೨೦೨೫ರ ಅಕ್ಟೋಬರ ೧ರಿಂದ ರಾಷ್ಟ್ರೀಯ ಪಾವತಿ ಮಂಡಲವು ನಿಲ್ಲಿಸಿದ್ದು ಈ ಮೋಸದ ಸಲುವಾಗಿಯೇ.

ಮೂರನೆಯದು ಲಾಭದ ಆಶೆ. ಷೇರುಪೇಟೆಯ ಪಂಡಿತರ ಗುಂಪೆಂದು ಹೇಳಿ ನಮ್ಮನ್ನು ವಾಟ್ಸಪ್ಪಿನಲ್ಲಿಯೋ ಟೆಲಿಗ್ರಾಮಿನಲ್ಲಿಯೋ ಸೇರಿಸುತ್ತಾರೆ. ಮೊದಲು ಐದು ಸಾವಿರಕ್ಕೆ ಆರು ಸಾವಿರವನ್ನು ನಿಜವಾಗಿಯೇ ಮರಳಿ ಕೊಡುತ್ತಾರೆ. ಗಾಳಕ್ಕೆ ಎರೆಯಿಲ್ಲದೆ ಮೀನು ಬರುವದಿಲ್ಲವಷ್ಟೆ. ಆ ಬಳಿಕ ಪರದೆಯ ಮೇಲೆ ಲಾಭದ ಅಂಕಿಗಳು ಬೆಳೆಯುತ್ತ ಹೋಗುತ್ತವೆ, ಹಣವು ಮಾತ್ರ ಕೈಗೆ ಬರುವದಿಲ್ಲ. ತೆಗೆಯಬೇಕೆಂದರೆ ‘ತೆರಿಗೆ ತುಂಬಿರಿ’ ಎನ್ನುತ್ತಾರೆ. ಇದರಲ್ಲಿ ಸಿಕ್ಕಿಬೀಳುವವರು ಅನಕ್ಷರಸ್ಥರಲ್ಲ. ನಿವೃತ್ತ ಅಧಿಕಾರಿಗಳು, ಡಾಕ್ಟರರು, ಶಿಕ್ಷಕರು, ನಮ್ಮ ವಾಚಕರಂಥ ಸುಶಿಕ್ಷಿತರು.

ನಾಲ್ಕನೆಯದು ಹೆಬ್ಬೆಟ್ಟಿನ ಕಳವು. ಆಧಾರದ ಮೇಲೆ ಬೆರಳೊತ್ತಿ ಹಣ ಪಡೆಯುವ ವ್ಯವಸ್ಥೆಯು ಬ್ಯಾಂಕು ದೂರವಿರುವ ಹಳ್ಳಿಗರಿಗೆ ಬಹಳ ಉಪಕಾರಿ. ಆದರೆ ೨೦೨೩ರಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಆಸ್ತಿಯ ನೋಂದಣಿ ಮಾಡಿಸಿದ ಕೆಲವರ ಖಾತೆಗಳಿಂದ ಅವರಿಗೆ ತಿಳಿಯದಂತೆ ಹಣ ಹೋಯಿತು. ದಸ್ತೈವಜುಗಳ ಪ್ರತಿಗಳಲ್ಲಿದ್ದ ಬೆರಳಚ್ಚುಗಳನ್ನು ವಂಚಕರು ನಕಲುಮಾಡಿದ್ದರೆಂದು ತನಿಖೆಯಲ್ಲಿ ಕಂಡುಬಂದು, ನೋಂದಣಿ ಖಾತೆಯು ಪ್ರತಿಗಳಲ್ಲಿ ಬೆರಳಚ್ಚುಗಳನ್ನು ಮರೆಮಾಡುವ ಕ್ರಮಕ್ಕೆ ತೊಡಗಬೇಕಾಯಿತು. ಹಿಸ್ಸೆ, ಖರೀದಿ, ಬಕ್ಷೀಸುಪತ್ರಗಳೆಂದು ಪದೇಪದೇ ಕಚೇರಿಗೆ ಹೋಗುವ ನಮ್ಮ ಹಿಡುವಳಿದಾರರಿಗೆ ಇದು ದೂರದ ಸಂಗತಿಯಲ್ಲ. ಓಟಿಪಿಯನ್ನು ಬದಲಿಸಬಹುದು, ಪಿನ್ನನ್ನು ಬದಲಿಸಬಹುದು; ಹೆಬ್ಬೆಟ್ಟನ್ನು ಬದಲಿಸಲಿಕ್ಕಾಗದು. ಆದುದರಿಂದ ಆಧಾರದ ಬೆರಳಚ್ಚಿಗೆ ಬೀಗ ಹಾಕುವ ಸೌಕರ್ಯವನ್ನು ಪ್ರಾಧಿಕಾರವೇ ಕೊಟ್ಟಿದೆ. ಬೇಕಾದಾಗ ತೆರೆದು ಮತ್ತೆ ಮುಚ್ಚಬಹುದು.

ಐದನೆಯದು ನಮ್ಮ ತರುಣರನ್ನು ಕೆಡಿಸುವಂಥದು. ‘ನಿನ್ನ ಖಾತೆಯನ್ನು ಒಂದು ತಿಂಗಳು ನಮಗೆ ಕೊಡು, ಐದು ಸಾವಿರ ಕೊಡುತ್ತೇವೆ’ ಎಂದು ಕಾಲೇಜಿನ ಹುಡುಗರನ್ನು ಪುಸಲಾಯಿಸುತ್ತಾರೆ. ಕದ್ದ ಹಣವು ಹಾಯ್ದುಹೋಗುವ ತೂಬು ಈ ಬಾಡಿಗೆಯ ಖಾತೆ. ಪೋಲೀಸರು ಹಣದ ಹಾದಿ ಹಿಡಿದು ಬಂದಾಗ ಮೊದಲು ಸಿಗುವವನು ಕಳ್ಳನಲ್ಲ, ಈ ಹುಡುಗನು. ಇನ್ನು ಕೆಲವರನ್ನು ಒಳ್ಳೆಯ ಸಂಬಳದ ಆಶೆ ತೋರಿಸಿ ಬ್ರಹ್ಮದೇಶದ ಗಡಿಗೆ ಸಾಗಿಸಿ, ಅಲ್ಲಿ ಕೂಡಿಹಾಕಿ, ಇದೇ ವಂಚನೆಯ ಕೆಲಸವನ್ನು ಒತ್ತಾಯದಿಂದ ಮಾಡಿಸಿದ್ದುಂಟು. ೨೦೨೫ರ ಮಾರ್ಚಿಯಲ್ಲಿ ಭಾರತ ಸರಕಾರವು ಅಂಥ ೫೪೯ ಜನ ಪ್ರಜೆಗಳನ್ನು ಥಾಯಲಂಡದ ಮಾರ್ಗವಾಗಿ ವಿಮಾನದಲ್ಲಿ ಮರಳಿ ಕರೆತರಬೇಕಾಯಿತು.

ಇವೆಲ್ಲವುಗಳಿಗಿಂತ ಕ್ರೂರವಾದ ಆರನೆಯ ಬಗೆಯನ್ನು ಬೇರೆಯಾಗಿಯೇ ವಿವರಿಸಬೇಕಾಗಿದೆ.

ಪರದೆಯ ಮೇಲಿನ ಪೋಲೀಸನು

ಮೊದಲು ಒಂದು ಕರೆ. ‘ನಿಮ್ಮ ಹೆಸರಿನ ಪಾರ್ಸಲಿನಲ್ಲಿ ಮಾದಕದ್ರವ್ಯ ಸಿಕ್ಕಿದೆ’ ಅಥವಾ ‘ನಿಮ್ಮ ಆಧಾರದ ಮೇಲೆ ಪಡೆದ ಸಿಮ್ಮಿನಿಂದ ಅಪರಾಧ ನಡೆದಿದೆ’. ಮರುಕ್ಷಣದಲ್ಲಿ ವಿಡಿಯೋದ ಮೇಲೆ ಖಾಕಿ ತೊಟ್ಟವನೊಬ್ಬನು ಕಾಣಿಸಿಕೊಳ್ಳುತ್ತಾನೆ. ಹಿಂದೆ ಧ್ವಜ, ಗೋಡೆಯ ಮೇಲೆ ಸಿಂಹಮುದ್ರೆ, ಮೇಜಿನ ಮೇಲೆ ಕಡತಗಳು. ನಮ್ಮ ಹೆಸರು, ಆಧಾರದ ಅಂಕಿ, ಮಗನ ನೌಕರಿಯ ಊರು ಎಲ್ಲವನ್ನೂ ಆತನು ಹೇಳುತ್ತಾನೆ. ‘ಇಷ್ಟೆಲ್ಲ ತಿಳಿದವನು ಸರಕಾರದವನೇ ಇರಬೇಕು’ ಎಂದು ಮುದುಕನ ಎದೆ ಹಾರುತ್ತದೆ. ‘ನಿಮ್ಮನ್ನು ಡಿಜಿಟಲ್ ಅರೆಸ್ಟು ಮಾಡಲಾಗಿದೆ. ಕರೆಯನ್ನು ಕಡಿಯಬೇಡಿರಿ, ಹೆಂಡತಿಗೂ ಹೇಳಬೇಡಿರಿ. ನಿಮ್ಮ ಹಣವನ್ನು ಪರೀಕ್ಷೆಗಾಗಿ ಈ ಸರಕಾರೀ ಖಾತೆಗೆ ಕಳುಹಿಸಿರಿ, ನಿರ್ದೋಷಿಯಾದರೆ ನಾಳೆ ಮರಳಿ ಬರುವದು’. ಮುದುಕನು ಬ್ಯಾಂಕಿಗೆ ಹೋಗಿ ಠೇವಣಿಯನ್ನು ಮುರಿಯುತ್ತಾನೆ. ಜೇಬಿನಲ್ಲಿರುವ ಮೊಬೈಲಿನಲ್ಲಿ ಆ ಕರೆಯು ಇನ್ನೂ ನಡೆದೇ ಇರುತ್ತದೆ.

೨೦೨೪ರ ಅಕ್ಟೋಬರ ೨೭ರಂದು ಪ್ರಧಾನಮಂತ್ರಿಗಳು ತಮ್ಮ ‘ಮನ್ ಕೀ ಬಾತ್’ ಭಾಷಣದಲ್ಲಿ ಇಂಥ ಕರೆಯೊಂದರ ಧ್ವನಿಯನ್ನೇ ದೇಶಕ್ಕೆ ಕೇಳಿಸಿ ಎಚ್ಚರಿಸಿದರು. ಆ ಕರೆ ಬಂದದ್ದು ನಮ್ಮ ವಿಜಾಪುರದ ಒಬ್ಬ ಗೃಹಸ್ಥರಿಗೆ; ಅವರು ಹೆದರದೆ ಅದನ್ನು ಚಿತ್ರೀಕರಿಸಿಕೊಂಡದ್ದರಿಂದ ವಂಚಕನ ಆಟವು ಬಯಲಾಯಿತು. ಆದರೆ ಎಲ್ಲರಿಗೂ ಆ ಧೈರ್ಯವು ಇರುವದಿಲ್ಲ. ೨೦೨೫ರ ಮಾರ್ಚಿಯಲ್ಲಿ, ನಮ್ಮ ಜಿಲ್ಲೆಯ ಗಡಿಗೆ ಹತ್ತಿದ ಖಾನಾಪುರ ತಾಲೂಕಿನ ಹಳ್ಳಿಯೊಂದರಲ್ಲಿ, ಎಂಬತ್ತರ ಆಸುಪಾಸಿನ ವೃದ್ಧ ದಂಪತಿಗಳು ಇದೇ ಬಗೆಯ ಬೆದರಿಕೆಗೆ ಸಿಕ್ಕು ಐವತ್ತು ಲಕ್ಷಕ್ಕೂ ಹೆಚ್ಚು ಹಣವನ್ನು ಕಳೆದುಕೊಂಡು ಪ್ರಾಣವನ್ನೇ ಬಿಟ್ಟರು. ಹೋದ ಹಣಕ್ಕಿಂತಲೂ ಹೋದ ಮಾನವೇ ಅವರಿಗೆ ಭಾರವಾಯಿತೆಂದು ತೋರುತ್ತದೆ. ಯಾವ ಅಪರಾಧವನ್ನೂ ಮಾಡದ ಇಬ್ಬರು ಹಿರಿಯರು ಅಪರಾಧಿಗಳಂತೆ ಸಾಯಬೇಕಾಯಿತು. ಇದನ್ನು ಓದಿ ಮರುಗದವರಾರು?

ಈಗ ಕಾಯದೆಯು ಏನನ್ನುತ್ತದೆ ನೋಡೋಣ. ‘ಡಿಜಿಟಲ್ ಅರೆಸ್ಟು’ ಎಂಬ ಶಬ್ದವು ಭಾರತದ ಯಾವ ಕಾಯದೆಯಲ್ಲಿಯೂ ಇಲ್ಲ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಬಂಧಿಸುವ ಪೋಲೀಸನು ತನ್ನ ಹೆಸರಿನ ಗುರುತನ್ನು ಎದ್ದು ಕಾಣುವಂತೆ ಧರಿಸಿರಬೇಕು. ಬಂಧನದ ಟಿಪ್ಪಣಿಯನ್ನು ಬರೆಯಬೇಕು. ಅದಕ್ಕೆ ಮನೆಯವರೋ ಊರಿನ ಗಣ್ಯರೋ ಒಬ್ಬರಾದರೂ ಸಾಕ್ಷಿಯಾಗಿ ಸಹಿ ಹಾಕಬೇಕು. ಬಂಧಿತನ ಆಪ್ತರಿಗೆ ಸುದ್ದಿ ಮುಟ್ಟಿಸಬೇಕು. ಇಪ್ಪತ್ತುನಾಲ್ಕು ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ರಾಜ್ಯಘಟನೆಯ ೨೨ನೆಯ ಕಲಮೇ ಹೇಳುತ್ತದೆ. ಹಾಜರಾಗಬೇಕೆಂಬ ನೋಟೀಸನ್ನು ಸಹ ಪೋಲೀಸರು ವಾಟ್ಸಪ್ಪಿನಲ್ಲಿ ಕಳಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೫ರ ಜನೇವರಿಯಲ್ಲಿ ಆಜ್ಞಾಪಿಸಿದೆ. ಅದೇ ವರ್ಷದ ಡಿಸೆಂಬರ ೧ರಂದು ಇಂಥ ಪ್ರಕರಣಗಳ ತನಿಖೆಯನ್ನು ದೇಶವ್ಯಾಪಿಯಾಗಿ ಸಿಬಿಐಗೆ ವಹಿಸಿತು. ಹೀಗಿರಲು, ‘ಯಾರಿಗೂ ಹೇಳಬೇಡ’ ಎನ್ನುವ ಅಧಿಕಾರಿಯು ಆ ಒಂದು ಮಾತಿನಿಂದಲೇ ತಾನು ಕಳ್ಳನೆಂದು ಸಾರಿಕೊಳ್ಳುತ್ತಾನೆ. ನಿಜವಾದ ಕಾಯದೆಯು ಸಾಕ್ಷಿಗಳನ್ನು ಕರೆಯುತ್ತದೆ. ಕಳ್ಳನು ಸಾಕ್ಷಿಗಳನ್ನು ದೂರವಿಡುತ್ತಾನೆ.

ಹಿರಿಯರ ಉದಾಹರಣೆ

ನಮ್ಮ ಮನಸ್ಸಿನಲ್ಲಿ ಏಳುವ ಪ್ರಶ್ನೆಯೊಂದನ್ನು ವಾಚಕರ ಮುಂದಿಡುತ್ತೇವೆ. ೧೯೩೨ರ ಕರನಿರಾಕರಣೆಯಲ್ಲಿ ಸಿದ್ದಾಪುರ, ಅಂಕೋಲಾ ತಾಲೂಕುಗಳ ರೈತರ ಮನೆಬಾಗಿಲಿಗೆ ಬಂದದ್ದು ಸುಳ್ಳು ಅಧಿಕಾರಿಯಲ್ಲ. ಬಂದವನು ನಿಜವಾದ ಮಾಮಲೇದಾರನು; ಅವನ ಕೈಯಲ್ಲಿದ್ದದ್ದು ನಿಜವಾದ ವಾರಂಟು; ಹಿಂದೆ ನಿಂತಿದ್ದದ್ದು ನಿಜವಾದ ಪೋಲೀಸು ಪಡೆ. ಪಾತ್ರೆಪಡಗಗಳು ಜಪ್ತಾದವು, ಭೂಮಿಗಳು ಲಿಲಾವಾದವು. ಆದರೂ ಆ ಜನರು ಬಗ್ಗಲಿಲ್ಲ. ಜಪ್ತಾದ ಆಸ್ತಿಯನ್ನು ಕೊಂಡವರ ಬಾಗಿಲಲ್ಲಿ ನಮ್ಮ ಹೆಣ್ಣುಮಕ್ಕಳು ಉಪವಾಸ ಕುಳಿತರು. ಮಾವಿನಗುಂಡಿಯ ಹೆಸರು ಅದರಿಂದಲೇ ಇತಿಹಾಸಕ್ಕೆ ಸೇರಿತು. ಅಂಥವರ ಮೊಮ್ಮಕ್ಕಳಾದ ನಾವು ಅಂಗೈಯಗಲದ ಗಾಜಿನಲ್ಲಿ ಕಂಡ ಬಣ್ಣದ ಬೊಂಬೆಗೆ ಬೆದರಿ ಜೀವಮಾನದ ಗಳಿಕೆಯನ್ನು ಸುರಿಯುವದೆಂದರೇನು?

ಅಂದಿನವರಿಗೆ ಇದ್ದ ಬಲವು ಯಾವದು? ಅವರು ಒಂಟಿಯಾಗಿರಲಿಲ್ಲ. ಒಬ್ಬನ ಮನೆಗೆ ಜಪ್ತಿ ಬಂದರೆ ಕೇರಿಯೇ ಅಂಗಳದಲ್ಲಿ ನೆರೆಯುತ್ತಿತ್ತು. ವಂಚಕನು ಮೊದಲು ಮಾಡುವ ಕೆಲಸವೇ ನಮ್ಮನ್ನು ಒಂಟಿಮಾಡುವದು. ಬಾಗಿಲು ಹಾಕಿಸುತ್ತಾನೆ, ಬಾಯಿ ಕಟ್ಟಿಸುತ್ತಾನೆ, ಅವಸರಪಡಿಸುತ್ತಾನೆ. ಆದುದರಿಂದ ಅವನ ಮದ್ದು ಒಂದೇ: ಕರೆಯನ್ನು ಕಡಿಯುವದು, ಬಾಗಿಲು ತೆರೆಯುವದು, ಇನ್ನೊಬ್ಬರಿಗೆ ಹೇಳುವದು. ಮಗನಿಗೆ ಹೇಳಿರಿ, ನೆರೆಯವನಿಗೆ ಹೇಳಿರಿ, ಸೊಸೈಟಿಯ ಗುಮಾಸ್ತನಿಗೆ ಹೇಳಿರಿ. ಎರಡು ಕಿವಿಗಳಲ್ಲಿ ನಿಂತ ಸುಳ್ಳು ನಾಲ್ಕು ಕಿವಿಗಳಲ್ಲಿ ನಿಲ್ಲುವದಿಲ್ಲ.

ಅಧಿಕಾರಿಗಳಿಗೂ ಬ್ಯಾಂಕುಗಳಿಗೂ ಎರಡು ಮಾತು

ಜನರು ಹೆದರುತ್ತಾರೆಂದು ಜನರನ್ನಷ್ಟೇ ನಿಂದಿಸುವದು ನ್ಯಾಯವಲ್ಲ. ಈ ಭಯವನ್ನು ಬಿತ್ತಿದವರಾರು? ನಿಜವಾದ ಕಚೇರಿಗಳು ಬಡವನೊಡನೆ ಗದರಿ ಮಾತಾಡುವವರೆಗೆ, ಗದರುವ ಕಳ್ಳನು ಅಧಿಕಾರಿಯಂತೆಯೇ ತೋರುವನು. ಸಣ್ಣ ಕೆಲಸಕ್ಕೂ ‘ಆಧಾರದ ಜೆರಾಕ್ಸು ತಾ’ ಎಂದು ಕೇಳುವವರೆಗೆ, ಕೇಳಿದವರಿಗೆಲ್ಲ ಅದನ್ನು ಕೊಡುವ ಚಾಳಿಯು ಜನರನ್ನು ಬಿಡದು. ಆ ಪ್ರತಿಗಳು ಎಲ್ಲಿ ಬೀಳುತ್ತವೆ, ಯಾರು ಕಾಯುತ್ತಾರೆ, ಯಾವಾಗ ಸುಡುತ್ತಾರೆ? ತನ್ನ ವೈಯಕ್ತಿಕ ಬಾಳಿನ ಗುಟ್ಟು ಪ್ರಜೆಯ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೭ರ ಆಗಸ್ಟ ೨೪ರಂದು ಸಾರಿತು. ಆ ವ್ಯಾಜ್ಯವನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಪ್ರಜೆಗಳ ಮಾಹಿತಿಯ ರಕ್ಷಣೆಗೆ ೨೦೨೩ರಲ್ಲಿ ಕಾಯದೆಯಾಗಿ, ೨೦೨೫ರ ನವೆಂಬರದಲ್ಲಿ ಅದರ ನಿಯಮಗಳೂ ಪ್ರಕಟವಾದವು. ಕಾಯದೆಯು ದಿಲ್ಲಿಯಲ್ಲಿ ಅಚ್ಚಾದರೆ ಸಾಲದು. ನಮ್ಮ ಪೇಟೆಯ ಕಚೇರಿಯ ಕಪಾಟಿನವರೆಗೆ ಬರಬೇಕು. ಆಧಾರದ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಪ್ರತಿಯು ದೊರೆಯುತ್ತದೆ. ಅದು ಸಾಲುವಲ್ಲಿ ಪೂರ್ಣ ಪ್ರತಿಯನ್ನು ಕೇಳಬಾರದೆಂದು ನಮ್ಮ ಅಧಿಕಾರಿಗಳು ನಿಯಮ ಮಾಡಿಕೊಳ್ಳಲಿ.

ಎರಡನೆಯ ಮಾತು ಭಾಷೆಯದು. ವಂಚಕನು ಹೆಚ್ಚಾಗಿ ಹಿಂದಿಯಲ್ಲಿಯೋ ಇಂಗ್ಲೀಷಿನಲ್ಲಿಯೋ ಮಾತಾಡುತ್ತಾನೆ. ಅರ್ಧ ತಿಳಿದು ಅರ್ಧ ತಿಳಿಯದ ನಮ್ಮವನು, ತಿಳಿಯಲಿಲ್ಲವೆನ್ನಲು ನಾಚಿ, ‘ಹಾಂ, ಹಾಂ’ ಎನ್ನುತ್ತಾನೆ. ಬ್ಯಾಂಕಿನ ನಿಜವಾದ ಎಚ್ಚರಿಕೆಯ ಸಂದೇಶಗಳೂ ಅವೇ ಭಾಷೆಗಳಲ್ಲಿ ಬಂದರೆ ನಿಜ ಯಾವದು, ನಕಲು ಯಾವದು ಎಂದು ಅವನು ಹೇಗೆ ಅರಿಯಬೇಕು? ಗ್ರಾಹಕರೊಡನೆ ಅವರ ಪ್ರಾಂತದ ಭಾಷೆಯಲ್ಲಿಯೂ ವ್ಯವಹರಿಸಬೇಕೆಂದು ರಿಝರ್ವ ಬ್ಯಾಂಕು ಬಹುಕಾಲದಿಂದ ಹೇಳುತ್ತ ಬಂದಿದೆ. ಕನ್ನಡನಾಡಿನಲ್ಲಿ ಕನ್ನಡಿಗನ ಹಣದ ವಿಷಯವನ್ನು ಕನ್ನಡದಲ್ಲಿ ತಿಳಿಸುವದು ಉಪಕಾರವಲ್ಲ, ಕರ್ತವ್ಯ. ಇದು ಅಭಿಮಾನದ ಪ್ರಶ್ನೆ ಮಾತ್ರವಲ್ಲ, ಸುರಕ್ಷಿತತೆಯ ಪ್ರಶ್ನೆಯೂ ಅಹುದು. ನಮ್ಮ ಜನರೂ ಒಂದನ್ನು ರೂಢಿಸಿಕೊಳ್ಳಲಿ: ‘ಕನ್ನಡದಲ್ಲಿ ಹೇಳಿರಿ, ಇಲ್ಲವಾದರೆ ಬ್ಯಾಂಕಿಗೆ ನಾನೇ ಬರುತ್ತೇನೆ’ ಎಂದು ನಿರ್ಭಯವಾಗಿ ಅನ್ನಲಿ.

ಮೂರನೆಯದಾಗಿ, ಎಪ್ಪತ್ತು ದಾಟಿದವರು ಅವಸರದಿಂದ ಬಂದು ದೊಡ್ಡ ಠೇವಣಿಯನ್ನು ಮುರಿಯುವದಾದರೆ, ಕೌಂಟರಿನ ಗುಮಾಸ್ತರು ‘ಅಜ್ಜಾ, ಏನು ಕೆಲಸಕ್ಕೆ? ಯಾರಾದರೂ ಕರೆ ಮಾಡಿದ್ದಾರೆಯೇ?’ ಎಂದು ಒಂದು ಮಾತು ಕೇಳಲಿ. ನಮ್ಮ ಸಹಕಾರೀ ಸಂಘಗಳ ಗುಮಾಸ್ತರು ಸದಸ್ಯರನ್ನು ಮನೆತನದ ಹೆಸರಿನಿಂದ ಬಲ್ಲವರು. ಈ ಪರಿಚಯವು ದೊಡ್ಡ ಪಟ್ಟಣದ ಬ್ಯಾಂಕಿಗೆ ಇಲ್ಲದ ಸಂಪತ್ತು. ಅದನ್ನು ಉಪಯೋಗಿಸಬೇಕು.

ಮಾಡತಕ್ಕದ್ದು, ಮಾಡಕೂಡದ್ದು

೧) ಓಟಿಪಿ, ಪಿನ್ನು, ಕಾರ್ಡಿನ ಹಿಂದಿನ ಮೂರು ಅಂಕಿಗಳು ಇವು ನಮ್ಮ ಸಹಿಗೂ ಮುದ್ರೆಗೂ ಸಮಾನ. ಬ್ಯಾಂಕಿನ ಮ್ಯಾನೇಜರನಿಗೂ ಹೇಳತಕ್ಕದ್ದಲ್ಲ. ನಿಜವಾದ ಮ್ಯಾನೇಜರನು ಕೇಳುವದೂ ಇಲ್ಲ.

೨) ಕರೆಯು ಬ್ಯಾಂಕಿನದೆಂದು ತೋರಿದರೂ ಕಡಿದುಬಿಟ್ಟು, ಪಾಸ್‌ಬುಕ್ಕಿನ ಮೇಲಿರುವ ಅಂಕಿಗೆ ನಾವೇ ಕರೆಮಾಡಬೇಕು. ಗೂಗಲಿನಲ್ಲಿ ಹುಡುಕಿದ ‘ಗ್ರಾಹಕಸೇವೆ’ಯ ಅಂಕಿಯು ಕಳ್ಳನದೇ ಇರಬಹುದು. ಬ್ಯಾಂಕುಗಳ ಸೇವೆಯ ಕರೆಗಳು ೧೬೦೦ರಿಂದ ಆರಂಭವಾಗುವ ಅಂಕಿಗಳಿಂದ ಬರಬೇಕೆಂದೂ, ಬ್ಯಾಂಕುಗಳ ಜಾಲತಾಣಗಳ ಹೆಸರು ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯಬೇಕೆಂದೂ ರಿಝರ್ವ ಬ್ಯಾಂಕು ೨೦೨೫ರಲ್ಲಿ ಗೊತ್ತುಮಾಡಿತು. ಈ ಗುರುತುಗಳನ್ನು ನೆನಪಿಡುವದು ಒಳ್ಳೆಯದು.

೩) ಸಂದೇಶದಲ್ಲಿ ಬಂದ ಕೊಂಡಿಯನ್ನೂ ಎಪಿಕೆ ಕಡತವನ್ನೂ ಒತ್ತಬಾರದು, ಕಳಿಸಿದವರು ಬಂಧುಗಳಾದರೂ ಸರಿ. ಅವರ ಮೊಬೈಲೇ ಕಳ್ಳನ ವಶವಾಗಿರಬಹುದು.

೪) ಬೇರೆಯವರು ಹೇಳಿದರೆಂದು, ನಮ್ಮ ಪರದೆಯನ್ನು ಅವರಿಗೆ ತೋರಿಸುವ ಯಾವ ಆ್ಯಪನ್ನೂ ಇಳಿಸಿಕೊಳ್ಳಬಾರದು.

೫) ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆಯೆಂಬುದನ್ನು ಸರಕಾರದ ‘ಸಂಚಾರ ಸಾಥಿ’ಯಲ್ಲಿ ನೋಡಬಹುದು. ನಮ್ಮದಲ್ಲದ್ದು ಕಂಡರೆ ಅಲ್ಲಿಯೇ ತಿಳಿಸಬೇಕು.

೬) ದೊಡ್ಡ ಮೊತ್ತವಿರುವ ಖಾತೆಯನ್ನು ಯುಪಿಐಗೆ ಜೋಡಿಸದೆ, ದಿನದ ಖರ್ಚಿಗೆ ಬೇರೆ ಸಣ್ಣ ಖಾತೆಯನ್ನು ಇಟ್ಟುಕೊಳ್ಳಬೇಕು. ಅಡಿಕೆ ಮಾರಿದ ಹಣವೆಲ್ಲ ಅಂಗಿಯ ಜೇಬಿನಲ್ಲಿಟ್ಟು ಜಾತ್ರೆಗೆ ಹೋಗುವವರು ನಮ್ಮಲ್ಲಿಲ್ಲವಷ್ಟೆ.

೭) ಮಕ್ಕಳು ದೂರದಲ್ಲಿರುವ ಮನೆಗಳಲ್ಲಿ ಒಂದು ಗುಟ್ಟಿನ ಮಾತನ್ನು ಗೊತ್ತುಮಾಡಿಕೊಂಡಿರಬೇಕು. ‘ಅಪ್ಪಾ, ಅಪಘಾತವಾಗಿದೆ, ಕೂಡಲೇ ಹಣ ಕಳಿಸು’ ಎಂದು ಮಗನ ಧ್ವನಿಯನ್ನೇ ಯಂತ್ರದಿಂದ ನಕಲುಮಾಡುವ ಕಾಲವಿದು. ಆ ಮಾತನ್ನು ಹೇಳಲಾರದವನು ಮಗನಲ್ಲ.

ಹಣ ಹೋದರೆ?

ಹೋದದ್ದು ತಿಳಿದ ಕ್ಷಣವೇ ೧೯೩೦ ಎಂಬ ಅಂಕಿಗೆ ಕರೆಮಾಡಬೇಕು: ಒಂದು, ಒಂಬತ್ತು, ಮೂರು, ಸೊನ್ನೆ. ಮರೆಯಲಿಕ್ಕೆ ನೆಪವಿಲ್ಲ. ಅಂಕೋಲೆಯ ದಂಡೆಯಲ್ಲಿ ಉಪ್ಪಿನ ಸತ್ಯಾಗ್ರಹವು ನಡೆದ ವರ್ಷವೂ ಅದೇ. ಕದ್ದ ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಹತ್ತಕ್ಕೆ, ಗಳಿಗೆಗಳಲ್ಲಿ ಹರಿದುಹೋಗುತ್ತದೆ. ೧೯೩೦ಕ್ಕೆ ಸುದ್ದಿ ಮುಟ್ಟಿದರೆ ಆಯಾ ಬ್ಯಾಂಕುಗಳು ಅದನ್ನು ನಡುದಾರಿಯಲ್ಲಿ ತಡೆಯಬಹುದು. ೨೦೨೧ರಲ್ಲಿ ಆರಂಭವಾದ ಈ ವ್ಯವಸ್ಥೆಯಿಂದ ೨೦೨೫ರ ನಡುಭಾಗದವರೆಗೆ ಐದು ಸಾವಿರ ಕೋಟಿಗಿಂತ ಹೆಚ್ಚು ಹಣವು ಉಳಿದಿದೆಯೆಂದು ಸರಕಾರವು ಹೇಳಿದೆ. ಆದರೆ ಮೊದಲ ತಾಸಿನ ಬೆಲೆಯು ಮರುದಿನಕ್ಕಿಲ್ಲ. ‘ಮಗ ಶನಿವಾರ ಬರುತ್ತಾನೆ, ಆಮೇಲೆ ನೋಡೋಣ’ ಎಂದರೆ ಹೊಳೆಗೆ ಬಿದ್ದ ಅಡಿಕೆಯನ್ನು ಸಮುದ್ರದಲ್ಲಿ ಹುಡುಕಿದಂತಾಗುವದು.

ಆ ಬಳಿಕ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ ಪೋಚು ಪಡೆಯಬೇಕು. ಬ್ಯಾಂಕಿನ ತಪ್ಪಾಗಲಿ ಗ್ರಾಹಕನ ತಪ್ಪಾಗಲಿ ಇಲ್ಲದೆ ಮೂರನೆಯವನಿಂದ ಹಣ ಹೋಗಿದ್ದು, ಬ್ಯಾಂಕಿನಿಂದ ಸುದ್ದಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ, ಹಾನಿಯ ಹೊರೆಯು ಗ್ರಾಹಕನ ಮೇಲೆ ಬೀಳಬಾರದೆಂದು ರಿಝರ್ವ ಬ್ಯಾಂಕು ೨೦೧೭ರ ಜುಲೈ ೬ರಂದು ವಿಧಿಸಿತು. ಅದೇ ಡಿಸೆಂಬರದಲ್ಲಿ ಸಹಕಾರೀ ಬ್ಯಾಂಕುಗಳಿಗೂ ಅದನ್ನು ಅನ್ವಯಿಸಿತು. ಓಟಿಪಿಯನ್ನು ತಾನೇ ಹೇಳಿದವನಿಗೆ ಈ ರಕ್ಷಣೆಯಿಲ್ಲ. ತಿಳಿಸುವವರೆಗಿನ ಹಾನಿಯು ಅವನದೇ. ಆದರೆ ತಿಳಿಸಿದ ನಂತರ ಹೋದದ್ದಕ್ಕೆ ಬ್ಯಾಂಕು ಹೊಣೆ. ಆದುದರಿಂದ ತಪ್ಪು ನಮ್ಮದಿದ್ದರೂ ತಡಮಾಡಬಾರದು.

ಜಿಲ್ಲೆಯ ಸೈಬರ್ ಅಪರಾಧದ ಠಾಣೆಯು ಕಾರವಾರದಲ್ಲಿದೆ. ಘಟ್ಟ ಇಳಿದು ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕೆಂಬ ಅಳುಕಿನಿಂದ ಫಿರ್ಯಾದಿಯನ್ನೇ ಕೊಡದಿರುವದು ಸಲ್ಲದು. ಅಪರಾಧದ ಸುದ್ದಿಯನ್ನು ಯಾವ ಠಾಣೆಯಲ್ಲಿಯೂ ಕೊಡಬಹುದೆಂದು ಹೊಸ ಸಂಹಿತೆಯ ೧೭೩ನೆಯ ಕಲಮು ಹೇಳುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಠಾಣೆಗಳ ಅಧಿಕಾರಿಗಳು ‘ಇದು ನಮ್ಮದಲ್ಲ, ಕಾರವಾರಕ್ಕೆ ಹೋಗು’ ಎಂದು ಯಾವ ವೃದ್ಧನನ್ನೂ ಮರಳಿ ಕಳಿಸರೆಂದು ನಾವು ಆಶಿಸುತ್ತೇವೆ. ಮೂರು ತಾಲೂಕುಗಳಿಗೆ ಶಿರಸಿಯಲ್ಲಿ ಇಂಥ ಒಂದು ಠಾಣೆಯಿರಬೇಕೆಂಬ ಬೇಡಿಕೆಯನ್ನೂ ಸರಕಾರದ ಲಕ್ಷ್ಯಕ್ಕೆ ತರುತ್ತೇವೆ.

ಕೊನೆಯದಾಗಿ ಊರಿನವರಿಗೆ ಒಂದು ವಿನಂತಿ. ಮೋಸಹೋದವನನ್ನು ಕಂಡು ನಗಬೇಡಿರಿ. ‘ಇಷ್ಟು ಓದಿದವರು ಹೀಗೆ ಬಿದ್ದರೇ!’ ಎಂದು ಪೇಟೆಯಲ್ಲಿ ಆಡಿಕೊಳ್ಳುವ ಮಾತು ವಂಚಕನಿಗೆ ಎರಡನೆಯ ಆಯುಧ. ಆ ಮಾತಿಗೆ ಅಂಜಿಯೇ ಎಷ್ಟೋ ಜನರು ಬಾಯಿ ಬಿಡುವದಿಲ್ಲ. ಅವರು ಬಾಯಿ ಬಿಡದ್ದರಿಂದಲೇ ನೆರೆಯವನೂ ಅದೇ ಬಲೆಗೆ ಬೀಳುತ್ತಾನೆ. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಅರ್ಧ ತಾಸು ಈ ವಿಷಯಕ್ಕೆ ಕೊಡಿರಿ. ಎರಡು ವರ್ಷಕ್ಕೊಮ್ಮೆ ಬಿಡಕೀಬೈಲಿನಲ್ಲಿ ನೆರೆಯುವ ಮಾರಿಕಾಂಬೆಯ ಜಾತ್ರೆಯಲ್ಲಿ, ಯಕ್ಷಗಾನದ ಆಟಕ್ಕೆ ಮುಂಚೆ, ಶಾಲೆಯ ಪಾಲಕರ ಸಭೆಯಲ್ಲಿ ೧೯೩೦ರ ಅಂಕಿಯನ್ನು ಸಾರಿರಿ. ಮೋಸಹೋದವರೇ ಎದ್ದುನಿಂತು ತಮ್ಮ ಕಥೆ ಹೇಳುವಂಥ ಗೌರವವನ್ನು ಅವರಿಗೆ ಕೊಡಿರಿ. ಹಾಗೆ ಹೇಳುವ ಒಬ್ಬನು ನೂರು ಮನೆಗಳನ್ನು ಕಾಯುತ್ತಾನೆ.

ಸರಕಾರವು ತನ್ನ ಕೆಲಸವನ್ನು ಮಾಡಲಿ, ಬ್ಯಾಂಕುಗಳು ತಮ್ಮ ಹೊಣೆಯನ್ನು ಹೊರಲಿ. ಆದರೆ ಕರೆ ಬಂದ ಆ ಗಳಿಗೆಯಲ್ಲಿ ಜಗಲಿಯ ಮೇಲೆ ಕುಳಿತವನ ಕೈಯಲ್ಲಿಯೇ ಬೀಗದ ಕೈಯಿರುತ್ತದೆ. ಅದನ್ನು ಕೊಡದಿರುವದಕ್ಕೆ ದೊಡ್ಡ ವಿದ್ಯೆ ಬೇಡ. ಕರೆಯನ್ನು ಕಡಿಯುವಷ್ಟು ಧೈರ್ಯವೂ, ಮಗ್ಗುಲಿನವನಿಗೆ ಹೇಳುವಷ್ಟು ವಿಶ್ವಾಸವೂ ಇದ್ದರೆ ಸಾಕು.